ಬ್ಯಾಕಪ್ ಕಡತಗಳನ್ನು ಎಲ್ಲಿ ಇಡಬೇಕು?

ಪಾಪಿನಾಯಕನಹಳ್ಳಿ (ಹೊಸಪೇಟೆ): ಹೊಸಪೇಟೆ–ಬಳ್ಳಾರಿ ಹೆದ್ದಾರಿಯ ಪಾಪಿನಾಯಕನಹಳ್ಳಿಯಂತಹ ಊರುಗಳಲ್ಲಿಯೂ ಅಂಗಡಿಯ ಲೆಕ್ಕ, ಲಾರಿ ಬಾಡಿಗೆಯ ಬಿಲ್ಲು, ಮದುವೆಯ ಛಾಯಾಚಿತ್ರ, ಶಾಲೆಯ ಅಂಕಪಟ್ಟಿ ಈಗ ಕಂಪ್ಯೂಟರನ್ನು ಸೇರಿವೆ. ಇವುಗಳ ಪ್ರತಿ, ಅಂದರೆ ಬ್ಯಾಕಪ್, ತೆಗೆದರಷ್ಟೇ ಸಾಲದು. ಅದು ಎಲ್ಲಿ ಉಳಿಯುತ್ತದೆ ಎಂಬುದೂ ಮುಖ್ಯ. ಮೂಲ ಕಡತ ನಾಶವಾಗುವ ಕಾರಣದಿಂದಲೇ ಪ್ರತಿಯೂ ನಾಶವಾಗುವಂತಿದ್ದರೆ ಅದರಿಂದ ಪ್ರಯೋಜನವಿಲ್ಲ.

‘ಡಿ’ ಡ್ರೈವ್ ಸಾಲದು

ವಿಂಡೋಸ್‌ನಲ್ಲಿ ಕಾಣುವ ‘ಸಿ’ ಮತ್ತು ‘ಡಿ’ ಡ್ರೈವ್‌ಗಳು ಅನೇಕ ಕಂಪ್ಯೂಟರ್‌ಗಳಲ್ಲಿ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗಗಳಾಗಿರುತ್ತವೆ. ವಿಂಡೋಸ್ ಮಾತ್ರ ಕೆಟ್ಟರೆ ‘ಡಿ’ಯಲ್ಲಿರುವ ಪ್ರತಿ ಉಳಿಯಬಹುದು. ಆದರೆ ವಿದ್ಯುತ್ ಏರಿಳಿತದಿಂದ ಡಿಸ್ಕೇ ಸುಟ್ಟರೆ ಎರಡೂ ಹೋಗುತ್ತವೆ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದಾಗ ಎರಡೂ ‘ಡಿಸ್ಕ್ 0’ ಎಂಬ ಒಂದೇ ಸಾಲಿನಲ್ಲಿ ಕಂಡರೆ ಡಿಸ್ಕ್ ಒಂದೇ ಎಂದರ್ಥ.

ಹೊರಗಿನ ಡಿಸ್ಕ್

ಯುಎಸ್‌ಬಿ ಮೂಲಕ ಜೋಡಿಸುವ ಪ್ರತ್ಯೇಕ ಹಾರ್ಡ್ ಡಿಸ್ಕ್ ಮೊದಲ ಆಯ್ಕೆ. ಕಂಟ್ರೋಲ್ ಪ್ಯಾನೆಲ್‌ನ ‘ಫೈಲ್ ಹಿಸ್ಟರಿ’ಯಲ್ಲಿ ‘ಸೆಲೆಕ್ಟ್ ಡ್ರೈವ್’ ಒತ್ತಿ ಇದನ್ನು ಸೂಚಿಸಬಹುದು. ಟ್ಯಾಲಿ ಬಳಸುವವರು ಬ್ಯಾಕಪ್ ತೆಗೆಯುವಾಗ ಪ್ರತಿ ಸೇರಬೇಕಾದ ಜಾಗಕ್ಕೆ ಹೊರಗಿನ ಡ್ರೈವ್‌ನ ವಿಳಾಸ ಕೊಡಬೇಕು. ಡಿಸ್ಕ್ ‘ಫ್ಯಾಟ್32’ ಮಾದರಿಯಲ್ಲಿದ್ದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಕಡತ ಅದರಲ್ಲಿ ಕೂರುವುದಿಲ್ಲ; ಮದುವೆ ವಿಡಿಯೊ ಇಡುವವರು ‘ಎನ್‌ಟಿಎಫ್‌ಎಸ್’ ಅಥವಾ ‘ಎಕ್ಸ್‌ಫ್ಯಾಟ್’ ಆರಿಸುವುದು ಒಳಿತು.

ಪ್ರತಿ ತೆಗೆದ ಬಳಿಕ ಡಿಸ್ಕನ್ನು ಕಳಚಿಡಬೇಕು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ‘ವನ್ನಾಕ್ರೈ’ಯಂತಹ ಕುತಂತ್ರಾಂಶಗಳು ಕಂಪ್ಯೂಟರಿಗೆ ಜೋಡಿಸಿದ ಡಿಸ್ಕಿನ ಕಡತಗಳಿಗೂ ಬೀಗ ಹಾಕುತ್ತವೆ. ಅದಿರು ಲಾರಿಗಳ ಧೂಳಿರುವ ಕಡೆ ಡಿಸ್ಕನ್ನು ಮುಚ್ಚಿದ ಡಬ್ಬಿಯಲ್ಲಿಡುವುದು ಕ್ಷೇಮ.

ಬೇರೆ ಊರಿನಲ್ಲೊಂದು ಪ್ರತಿ

ಬೆಂಕಿ, ಕಳ್ಳತನ, ನೆರೆ ಬಂದಾಗ ಒಂದೇ ಕೋಣೆಯಲ್ಲಿರುವ ಕಂಪ್ಯೂಟರೂ ಡಿಸ್ಕೂ ಒಟ್ಟಿಗೆ ನಷ್ಟವಾಗುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಬೇಕಾಯಿತು. ಕಂಪ್ಲಿಯ ವ್ಯಾಪಾರಿ ಹೊಸಪೇಟೆಯ ಬಂಧುಗಳ ಮನೆಯಲ್ಲಿ ಒಂದು ಡಿಸ್ಕ್ ಇರಿಸಿ, ತಿಂಗಳಿಗೊಮ್ಮೆ ಬದಲಿಸಿಕೊಳ್ಳಬಹುದು.

ಅಂತರ್ಜಾಲವೂ ‘ಬೇರೆ ಊರು’ ಆಗಬಲ್ಲದು. ಗೂಗಲ್ ಉಚಿತವಾಗಿ ನೀಡುವ 15 ಜಿಬಿ ಜಾಗ ಲೆಕ್ಕದ ಕಡತಗಳಿಗೆ ಸಾಕಾದೀತು. ಆದರೆ ಜಿಮೇಲ್ ಮತ್ತು ಫೋಟೊಗಳೂ ಅದೇ ಜಾಗವನ್ನು ಹಂಚಿಕೊಳ್ಳುತ್ತವೆ. ಕಂಪ್ಯೂಟರಿನೊಂದಿಗೆ ತಾನೇ ಹೊಂದಿಕೊಳ್ಳುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು 30 ದಿನ ಮಾತ್ರ ಉಳಿಯುತ್ತದೆ.

ಕಾನೂನು ಏನನ್ನುತ್ತದೆ?

ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೂ ಸೂಕ್ತ ಸಮಯದಲ್ಲಿ ಮರಳಿ ಪಡೆಯುವಂತೆ ವಿದ್ಯುನ್ಮಾನ ಬ್ಯಾಕಪ್ ಇರಬೇಕೆಂದು ಕೇಂದ್ರ ಜಿಎಸ್‌ಟಿ ನಿಯಮ 57 ಹೇಳುತ್ತದೆ.

ಒಟ್ಟಿನಲ್ಲಿ, ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ‘3-2-1’ ಸೂತ್ರ ಪಾಲಿಸಬೇಕು. ತಿಂಗಳಿಗೊಮ್ಮೆ ಒಂದು ಕಡತವನ್ನು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆಯದಿದ್ದರೆ ಹೊಸ ಪ್ರತಿಯನ್ನು ಅಂದೇ ತೆಗೆದುಕೊಳ್ಳುವುದು ಸೂಕ್ತ.