ಕುವೈತಿನ ಕೆಸರು ಎಲ್ಲಿಂದ ಬಂತು?

ಕುವೈತ್ ಅಂದ ಕೂಡಲೇ ನಮ್ಮ ಊರಿನವರಿಗೆ ನೆನಪಾಗೋದು ಎರಡೇ: ಮರಳು ಮತ್ತು ಎಣ್ಣೆ. ಇಲ್ಲಿ ಕೆಸರೂ ಉಂಟು ಅಂದರೆ ನಗುತ್ತಾರೆ! ಆದರೆ ಇಳಿತದ ಹೊತ್ತಲ್ಲಿ ಸುಲೈಬಿಖಾತ್ ತೀರಕ್ಕೆ ಹೋಗಿ ನೋಡಿ. ನೀರು ದೂರ ಸರಿದು, ನಾಟಿಗೆ ಹದ ಮಾಡಿಟ್ಟ ಗದ್ದೆಯ ಹಾಗೆ ಬೂದು ಕೆಸರು ಹರಡಿರುತ್ತದೆ. ಅದರ ಮೇಲೆ ಕಣ್ಣುಬ್ಬಿದ ಕೆಸರುಮೀನುಗಳು ಕುಪ್ಪಳಿಸುತ್ತಿರುತ್ತವೆ.

ಈ ದೇಶದಲ್ಲಿ ಒಂದೇ ಒಂದು ನದಿಯಿಲ್ಲ. ಧೂಳಿನ ಬಿರುಗಾಳಿ ಒಂದಷ್ಟು ಮಣ್ಣು ತಂದು ಸುರಿಯುತ್ತದೆ, ನಿಜ. ಆದರೆ ಕೆಸರಿನ ದೊಡ್ಡ ಮೂಲ ಉತ್ತರದಲ್ಲಿದೆ. ಟೈಗ್ರಿಸ್, ಯೂಫ್ರೆಟಿಸ್ ಎರಡೂ ಕೂಡಿ ಶತ್ ಅಲ್ ಅರಬ್ ಆಗಿ ಗಲ್ಫಿಗೆ ಬೀಳುತ್ತವೆ. ಗಲ್ಫಿನ ನೀರು ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುವುದರಿಂದ ಆ ಹೂಳು ಕುವೈತಿನ ಕಡೆಗೇ ಬರುತ್ತದೆ. 863 ಚದರ ಕಿಲೋಮೀಟರಿನ ಬುಬಿಯಾನ್ ದ್ವೀಪ ಈ ನದಿಮುಖದ ಹೂಳಿನದೇ ಕೂಸು.

ಸರಿ, ಭರತ ತಂದದ್ದನ್ನು ಇಳಿತ ವಾಪಸ್ ಒಯ್ಯಬೇಕಲ್ವಾ? 1950ರ ದಶಕದಲ್ಲಿ ವಾಡನ್ ಸಮುದ್ರದ ಕೆಸರನ್ನು ನೋಡುತ್ತಿದ್ದ ಡಚ್ ವಿಜ್ಞಾನಿಗಳು ಇದಕ್ಕೆ ಉತ್ತರ ಕೊಟ್ಟರು. ಒಳಗೆ ಬರುತ್ತಾ ನೀರಿನ ವೇಗ ತಗ್ಗುತ್ತದೆ. ಆದರೆ ನವಿರಾದ ಕಣ ತಕ್ಷಣ ತಳ ಸೇರೋದಿಲ್ಲ, ಇಳಿಯುತ್ತಿರುವಾಗಲೇ ಇನ್ನಷ್ಟು ಒಳಗೆ ಸಾಗಿರುತ್ತದೆ. ಒಮ್ಮೆ ಕೂತರೆ ಏಳಿಸಲು ಹೆಚ್ಚು ರಭಸ ಬೇಕು. ದಡದ ಹತ್ತಿರ ಇಳಿತಕ್ಕೆ ಆ ರಭಸ ಬರುವುದು ತಡ. ಹೀಗಾಗಿ ಪ್ರತಿ ಭರತಕ್ಕೂ ಕಣ ಒಂದು ಹೆಜ್ಜೆ ಒಳಗೇ! ಜೊತೆಗೆ ಉಪ್ಪುನೀರಿನಲ್ಲಿ ಜೇಡಿಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಪಾಚಿ ಅದನ್ನು ಹಿಡಿದಿಡುತ್ತದೆ.

ಒಂದು ಕಾಲಕ್ಕೆ ಕುವೈತ್ ಕುಡಿದದ್ದೂ ಇದೇ ನದಿಯ ನೀರನ್ನು. ಮರದ ದೋಣಿಗಳು ಶತ್ ಅಲ್ ಅರಬ್‌ಗೆ ಹೋಗಿ ಸಿಹಿನೀರು ತುಂಬಿಕೊಂಡು ಬರುತ್ತಿದ್ದವು. 1939ರಲ್ಲಿ ಅದಕ್ಕೊಂದು ಕಂಪನಿಯೂ ಆಯಿತು. 1953ರಲ್ಲಿ ಸಮುದ್ರದ ನೀರನ್ನು ಬಟ್ಟಿ ಇಳಿಸುವ ಸ್ಥಾವರ ಬಂದ ಮೇಲೆ ದೋಣಿಗಳ ಕೆಲಸ ಮುಗಿಯಿತು. ನದಿಯ ಹಂಗು ಮುಗೀತು ಅಂದುಕೊಂಡಿರಾ? ಇಲ್ಲ.

1991ರಲ್ಲಿ ದಕ್ಷಿಣ ಇರಾಕಿನಲ್ಲಿ ದಂಗೆ ಎದ್ದಿತು. ಅದನ್ನು ಹತ್ತಿಕ್ಕಿದ ಸದ್ದಾಂ ಸರ್ಕಾರ, ದಂಗೆಕೋರರು ಅಡಗಿದ್ದ ಜೌಗುಪ್ರದೇಶಗಳನ್ನೇ ಬತ್ತಿಸತೊಡಗಿತು. 1992ರ ಡಿಸೆಂಬರಿನಲ್ಲಿ 565 ಕಿಲೋಮೀಟರ್ ಉದ್ದದ ‘ಮೂರನೆಯ ನದಿ’ ಎಂಬ ಕಾಲುವೆ ತೆರೆಯಿತು. ಸಾವಿರಾರು ವರ್ಷ ಅಲ್ಲೇ ಬಾಳಿದ ಮದಾನ್ ಜನ ದಿಕ್ಕಾಪಾಲಾದರು. 2001ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಜೌಗಿನ ಸುಮಾರು 90 ಶೇಕಡಾ ನಾಶವಾಗಿದೆ ಎಂದಿತು. ಆಪು ಹುಲ್ಲಿನ ಆ ಜೌಗು ನದಿಗೆ ಜರಡಿಯಾಗಿತ್ತು ನೋಡಿ. ಜರಡಿ ತಪ್ಪಿಸಿ ಬಂದ ಕಾಲುವೆಯ ನೀರು ಖೋರ್ ಜುಬೈರ್ ಮೂಲಕ ಬುಬಿಯಾನಿನ ಪಕ್ಕಕ್ಕೇ ಬಂತು. ಉತ್ತರದ ಸಮುದ್ರಕ್ಕೆ ಹೂಳು ಹೆಚ್ಚುತ್ತಿದೆ ಎಂದು ಕುವೈತಿನ ವಿಜ್ಞಾನಿಗಳು 1990ರ ದಶಕದಲ್ಲೇ ಎಚ್ಚರಿಸಿದ್ದರು.

2003ರಲ್ಲಿ ಸದ್ದಾಂ ಬಿದ್ದ ಮೇಲೆ ಊರಿನವರೇ ಒಡ್ಡುಗಳನ್ನು ಒಡೆದು ನೀರು ಹರಿಸಿದರು. ಜೌಗಿನ ಒಂದು ಭಾಗ ಮರಳಿ ಹಸಿರಾಯಿತು, 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ಮೇಲಿನ ದೇಶಗಳ ಅಣೆಕಟ್ಟು, ಬರಗಾಲ ಎರಡೂ ಸೇರಿ ಅದನ್ನು ಮತ್ತೆ ಒಣಗಿಸುತ್ತಿವೆ.

ನಮ್ಮ ಮಂಗಳೂರಿಗೂ ಹೂಳಿನ ಕಥೆ ಹೊಸತಲ್ಲ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ ಆಳವಿಲ್ಲದೆ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತಿದ್ದವು. ಕೊನೆಗೆ 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರೇ ಬಂತು. ಮಂಗಳೂರಿನ ಹೂಳು ನಮ್ಮದೇ ಘಟ್ಟದಿಂದ ಇಳಿದದ್ದು. ಜಗಳವಾಡಿದರೂ ನಮ್ಮ ನಮ್ಮೊಳಗೇ. ಕುವೈತಿನ ಕೆಸರಿನಲ್ಲಿ ಮಾತ್ರ ಪಕ್ಕದ ದೇಶದ ದಂಗೆಯೂ ಇದೆ, ಮನೆ ಕಳಕೊಂಡವರ ನೆಲವೂ ಇದೆ. ಗಡಿಗೆ ಬೇಲಿ ಹಾಕಬಹುದು ಸ್ವಾಮೀ, ಭರತಕ್ಕೆ ಹಾಕೋಕಾಗುತ್ತಾ?