ಬಿಡಲಾಗದ ಬಿರುದು

ಸ್ಕಾಟ್ಲೆಂಡಿನ ಐದನೆಯ ಅರ್ಲ್ ಆಫ್ ರೋಸ್‌ಬೆರಿ 1894ರ ಮಾರ್ಚ್‌ನಿಂದ 1895ರ ಜೂನ್‌ವರೆಗೆ, ಹದಿನೈದು ತಿಂಗಳಷ್ಟೇ ಬ್ರಿಟನ್ನಿನ ಪ್ರಧಾನಿಯಾಗಿದ್ದ. ಅವನು ಅಷ್ಟು ಬೇಗ ಸೋತಿದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಅವನ ಸ್ವಭಾವ: ಟೀಕೆ ಸಹಿಸದವನು, ನಿದ್ರೆ ಬಾರದೆ ನರಳಿದವನು, ಕುದುರೆಹುಚ್ಚಿನ ಶ್ರೀಮಂತ. ಇದು ಸುಳ್ಳೇನಲ್ಲ. ರೇಸಿನ ಕುದುರೆಯನ್ನು ಬಿಡಲೊಪ್ಪದೆ ಪದವಿಯನ್ನೇ ಬಿಟ್ಟು ಆಕ್ಸ್‌ಫರ್ಡಿನಿಂದ ಹೊರನಡೆದವನು ಅವನು. ಪ್ರಧಾನಿಯಾಗಿದ್ದಾಗಲೇ ಅವನ ಕುದುರೆಗಳು ಎರಡು ಸಲ ಡರ್ಬಿ ಗೆದ್ದವು. ಆದರೆ ಇದೇ ಮನುಷ್ಯ 1889ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್‌ಗೆ ಚುನಾಯಿತನಾಗಿ, ಅದರ ಮೊದಲ ಅಧ್ಯಕ್ಷನಾಗಿ ಸಮರ್ಥನೆನಿಸಿಕೊಂಡ. 1893ರಲ್ಲಿ ಕಲ್ಲಿದ್ದಲು ಗಣಿಗಾರರನ್ನೂ ಮಾಲೀಕರನ್ನೂ ಕೂರಿಸಿ ದೊಡ್ಡ ಮುಷ್ಕರವೊಂದನ್ನು ಬಗೆಹರಿಸಿದ. ಅಲ್ಲೆಲ್ಲ ಅಡ್ಡ ಬರದ ಸ್ವಭಾವ ಪ್ರಧಾನಿ ಪಟ್ಟದಲ್ಲಿ ಮಾತ್ರ ಅಡ್ಡ ಬಂದದ್ದೇಕೆ? ಉತ್ತರವನ್ನು ಅವನ ಆಸನದಲ್ಲಿ ಹುಡುಕಬೇಕು. 1868ರಲ್ಲಿ ಅಜ್ಜ ತೀರಿಕೊಂಡಾಗ ಇಪ್ಪತ್ತರ ಹರೆಯದ ಹುಡುಗನಿಗೆ ಆಸ್ತಿ, ಬಿರುದು, ಅವುಗಳ ಜೊತೆಗೇ ಹೌಸ್ ಆಫ್ ಲಾರ್ಡ್ಸ್‌ನ ಸ್ಥಾನ ಬಂತು. ಬಿರುದನ್ನು ಬಿಟ್ಟುಕೊಡಲು ಅಂದು ಕಾನೂನಿರಲಿಲ್ಲ. 1879-80ರಲ್ಲಿ ತನ್ನ ಲಿಬರಲ್ ಪಕ್ಷದ ಮುಖಂಡ ಗ್ಲ್ಯಾಡ್‌ಸ್ಟನ್‌ಗಾಗಿ ಮಿಡ್‌ಲೋಥಿಯನ್ನಿನ ಪ್ರಚಾರವನ್ನೇ ಸಂಘಟಿಸಿದವನಿಗೆ ತಾನೇ ಕೆಳಮನೆಯಾದ ಕಾಮನ್ಸ್‌ಗೆ ಸ್ಪರ್ಧಿಸುವ ದಾರಿಯೇ ಇರಲಿಲ್ಲ.

ಕನ್ಸರ್ವೇಟಿವ್ ಪ್ರಧಾನಿ ಸಾಲಿಸ್‌ಬರಿಯೂ ಲಾರ್ಡ್ಸ್‌ನಲ್ಲಿ ಕೂತೇ ವರ್ಷಗಟ್ಟಲೆ ಆಳಲಿಲ್ಲವೇ ಎಂದು ಕೇಳಬಹುದು. ಆಳಿದ, ನಿಜ; ಆದರೆ ಆ ಸದನ ಅವನ ಪಕ್ಷದ್ದೇ ಆಗಿತ್ತು. ಲಿಬರಲ್ಲರ ಗತಿ ಏನೆಂಬುದನ್ನು 1893ರ ಸೆಪ್ಟೆಂಬರ್‌ ತೋರಿಸಿತು: ಐರ್ಲೆಂಡಿನ ಸ್ವಯಮಾಡಳಿತದ ಮಸೂದೆ ಅಲ್ಲಿ 41ಕ್ಕೆ 419 ಮತಗಳಿಂದ ಬಿದ್ದುಹೋಯಿತು. ಆರು ತಿಂಗಳಲ್ಲೇ ರೋಸ್‌ಬೆರಿ ಆ ಬೆರಳೆಣಿಕೆಯವರ ಮುಂದಾಳಾದ. ಅತ್ತ ಕಾಮನ್ಸ್‌ನಲ್ಲಿ ಪಕ್ಷದ ಚುಕ್ಕಾಣಿ ಹಿಡಿದದ್ದು ಪ್ರಧಾನಿ ಪಟ್ಟಕ್ಕೆ ತಾನೇ ಆಸೆಪಟ್ಟಿದ್ದ ಹಾರ್ಕೋರ್ಟ್. 1894ರ ಬಜೆಟ್ಟಿನಲ್ಲಿ ಹಾರ್ಕೋರ್ಟ್ ಮರಣಾನಂತರದ ಆಸ್ತಿ ತೆರಿಗೆಯನ್ನು ಏರಿಸಿದಾಗ ಪ್ರಧಾನಿ ಲಿಖಿತವಾಗಿ ಆಕ್ಷೇಪಿಸಿದ. ತೆರಿಗೆ ಬಂದೇ ಬಂತು. ಹಣದ ವಿಷಯದಲ್ಲಿ ಕೊನೆಯ ಮಾತು ಕಾಮನ್ಸ್‌ನದು, ಪ್ರಧಾನಿಗೋ ಅಲ್ಲಿ ಬಾಯಿಯೇ ಇಲ್ಲ!

ನಾಲಿಗೆ ಜಾರಿದ್ದು ಅವನದೇ ತಪ್ಪಲ್ಲವೇ ಎಂಬ ಆಕ್ಷೇಪ ಇನ್ನಷ್ಟು ಗಟ್ಟಿ. ಪ್ರಧಾನಿಯಾಗಿ ಮಾಡಿದ ಮೊದಲ ಭಾಷಣದಲ್ಲೇ, ಇಂಗ್ಲೆಂಡಿಗೆ ಮನವರಿಕೆಯಾಗದೆ ಐರ್ಲೆಂಡಿಗೆ ಸ್ವಯಮಾಡಳಿತ ಸಿಗದು ಎಂದುಬಿಟ್ಟ. ಮರುದಿನವೇ ಕಾಮನ್ಸ್‌ನಲ್ಲಿ ಸರಕಾರ ಎರಡು ಮತಗಳಿಂದ ಸೋತಿತು. ತಪ್ಪು ಅವನದೇ, ಒಪ್ಪೋಣ. ಆದರೆ ಆ ಮಾತಿಗೆ ತಲೆದೂಗುವವರೇ ತುಂಬಿದ್ದ ಸದನದಲ್ಲಿ ನಿಂತು ಅವನು ಮಾತಾಡಿದ. ಸರಕಾರದ ಉಳಿವು ಯಾರ ಕೈಯಲ್ಲಿತ್ತೋ ಆ ಐರಿಷ್ ಸದಸ್ಯರು ಇನ್ನೊಂದು ಸದನದಲ್ಲಿದ್ದರು. ಅವರ ಗುಣುಗು ಕಿವಿಗೆ ಬಿದ್ದಿದ್ದರೆ ಅಲ್ಲೇ ಮಾತು ತಿದ್ದಿಕೊಳ್ಳುವ ಚಾತುರ್ಯ ಅವನಿಗಿತ್ತು. ತಾನು ಕೂತ ಸದನದ ರೋಗವೂ ಅವನಿಗೆ ತಿಳಿಯದ್ದಲ್ಲ. 1884ರಲ್ಲೂ 1888ರಲ್ಲೂ ಲಾರ್ಡ್ಸ್‌ನ ಸುಧಾರಣೆಗೆ ತಾನೇ ಗೊತ್ತುವಳಿ ತಂದು ಸೋತಿದ್ದ.

1963ರ ಅಕ್ಟೋಬರ್‌ನಲ್ಲಿ ಪ್ರಧಾನಿಯಾದ ಹದಿನಾಲ್ಕನೆಯ ಅರ್ಲ್ ಆಫ್ ಹ್ಯೂಮ್ ಕೂಡ ಸ್ಕಾಟ್ಲೆಂಡಿನವನೇ. ಅದೇ ವರ್ಷ ಬಂದ ಹೊಸ ಕಾನೂನಿನಡಿ ಅವನು ಬಿರುದನ್ನು ಬಿಟ್ಟು, ಉಪಚುನಾವಣೆ ಗೆದ್ದು ಕಾಮನ್ಸ್ ಸೇರಿದ. ರೋಸ್‌ಬೆರಿ ತೀರಿಕೊಂಡು ಆಗ 34 ವರ್ಷವಾಗಿತ್ತು.