ಪಥ್ಯಕ್ಕೊಂದು ಮನೆ

ಪಥ್ಯ ಎಂದ ಕೂಡಲೇ ನೆನಪಿಗೆ ಬರುವುದು ಒಂದು ಪಟ್ಟಿ. ಬದನೆಕಾಯಿ ಬೇಡ, ಕಡಲೆಬೇಳೆ ಬೇಡ, ಕರಿದದ್ದನ್ನು ಮುಟ್ಟುವಂತಿಲ್ಲ. ಗಂಜಿ ಆಗಬಹುದು, ಮಜ್ಜಿಗೆ ಆಗಬಹುದು, ಹೆಸರುಬೇಳೆ ಕಟ್ಟು ಆಗಬಹುದು. ಹೊಟ್ಟೆ ಕೆಟ್ಟು ವರ್ಷಗಳೇ ಆದವರಿಗೆ ಈ ಪಟ್ಟಿ ಬಾಯಿಪಾಠವಾಗಿರುತ್ತದೆ. ಆದರೂ ಪಥ್ಯ ಮುರಿಯುತ್ತದೆ, ಮುರಿದಾಗಲೆಲ್ಲ ನಾಲಗೆಯ ಚಪಲದ ಮೇಲೆ ತಪ್ಪು ಹೊರಿಸುವುದು ರೂಢಿ. ಪಥ್ಯ ನಡೆದುಬಂದ ದಾರಿಯನ್ನು ಗಮನಿಸಿದರೆ ಈ ಆರೋಪ ಅರ್ಧ ಮಾತ್ರ ನಿಜ. ಪಥ್ಯವೆಂಬುದು ಯಾವತ್ತೂ ಬರೀ ಪದಾರ್ಥಗಳ ಲೆಕ್ಕವಾಗಿರಲಿಲ್ಲ. ಯಾವ ಹೊತ್ತಿಗೆ, ಎಲ್ಲಿ ಕೂತು, ಯಾರು ಬೇಯಿಸಿದ್ದನ್ನು, ಎಷ್ಟು ಉಣ್ಣುವುದು ಎಂಬ ಇಡೀ ದಿನದ ಏರ್ಪಾಡು ಅದು. ಆ ಏರ್ಪಾಡಿಗೆ ಒಂದು ಮನೆ ಬೇಕಿತ್ತು. ದುಡಿಮೆಯೂ ಒಲೆಯೂ ಒಂದೇ ಸೂರಿನಡಿ ಇರುವ ತನಕ ಪಥ್ಯಕ್ಕೆ ನೆಲೆಯಿತ್ತು; ದುಡಿಮೆ ಮನೆ ಬಿಟ್ಟು ಹೊರಟ ದಿನ ಅದು ಬೀದಿಪಾಲಾಯಿತು. ಈಗ ಲಕ್ಷಾಂತರ ಜನ ಮತ್ತೆ ಮನೆಯಲ್ಲೇ ಕೂತು ಕೆಲಸ ಮಾಡುತ್ತಿರುವಾಗ ಈ ಹಳೆಯ ಕಥೆಗೆ ಹೊಸ ಉಪಯೋಗವಿದೆ.

ಮೊದಲ ಸಾಕ್ಷಿ ಆಯುರ್ವೇದದ ಮೂಲಗ್ರಂಥವಾದ ಚರಕಸಂಹಿತೆ. ಹೊಟ್ಟೆಯ ಹಳೆಯ ಕಾಯಿಲೆಗಳಲ್ಲಿ ಮುಖ್ಯವಾದ ಗ್ರಹಣಿಗೆ ಅದರ ಚಿಕಿತ್ಸಾಸ್ಥಾನದಲ್ಲಿ ಒಂದು ಪೂರ್ತಿ ಅಧ್ಯಾಯವೇ ಇದೆ. ಆದರೆ ನಮ್ಮ ವಾದಕ್ಕೆ ಹೆಚ್ಚು ಮುಖ್ಯವಾದದ್ದು ವಿಮಾನಸ್ಥಾನದ ಆರಂಭದ ಮಾತು. ಆಹಾರ ಹಿತವೋ ಅಹಿತವೋ ಎಂದು ತೀರ್ಮಾನಿಸಲು ಅಲ್ಲಿ ಎಂಟು ಸಂಗತಿಗಳನ್ನು ಹೇಳಿದೆ: ಪದಾರ್ಥದ ಸ್ವಭಾವ, ಅದನ್ನು ಸಂಸ್ಕರಿಸಿದ ಬಗೆ, ಯಾವುದರ ಜೊತೆ ಸೇರಿತು, ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ, ಕೊನೆಗೆ ಉಣ್ಣುವ ವ್ಯಕ್ತಿ. ಎಂಟರಲ್ಲಿ ಪದಾರ್ಥದ ಸ್ವಂತ ಗುಣ ಒಂದೇ ಒಂದು. ಉಳಿದ ಏಳೂ ಅಡುಗೆಮನೆಗೆ, ಗಳಿಗೆಗೆ, ಎಲೆಯ ಮುಂದೆ ಕೂತವನಿಗೆ ಸೇರಿದವು. ಸೂತ್ರಸ್ಥಾನದಲ್ಲಿ ಪಥ್ಯವನ್ನು ವಿವರಿಸುವಾಗಲೂ ಅದು ದೇಹದ ದಾರಿಗಳಿಗೆ ಕೇಡು ಮಾಡಬಾರದು, ಮನಸ್ಸಿಗೂ ಒಪ್ಪಿಗೆಯಾಗಬೇಕು ಎಂದು ಹೇಳಿ, ಪ್ರಮಾಣ, ಕಾಲ, ದೇಹ ಬದಲಾದರೆ ಪಥ್ಯವೇ ಅಪಥ್ಯವಾದೀತು ಎಂಬ ಎಚ್ಚರವನ್ನೂ ಸೇರಿಸಿದೆ. ರೂಢಿಯಿಂದ ಮೈಗೆ ಒಗ್ಗಿದ ಆಹಾರಕ್ಕೆ ಆ ಗ್ರಂಥ ಬಳಸುವ ಪದ ‘ಓಕಸಾತ್ಮ್ಯ’. ಓಕಸ್ ಎಂದರೆ ಮನೆ. ನಮ್ಮ ಹಳೆಯ ಕಾವ್ಯಗಳಲ್ಲಿ ದೇವತೆಗಳನ್ನು ‘ದಿವೌಕಸರು’ ಎನ್ನುವಾಗ ಇರುವುದೂ ಅದೇ ಶಬ್ದ. ಒಗ್ಗುವುದಕ್ಕೂ ಮನೆಗೂ ಇರುವ ನಂಟು ಆ ಪದದೊಳಗೇ ಇದೆ.

ಇಂಥ ಪಥ್ಯ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಲು ಮಜ್ಜಿಗೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಗ್ರಹಣಿಗೂ ಮೂಲವ್ಯಾಧಿಗೂ ಚರಕ ಮಜ್ಜಿಗೆಯನ್ನು ಬಹಳವಾಗಿ ಹೊಗಳುತ್ತಾನೆ. ಆದರೆ ‘ಮಜ್ಜಿಗೆ ಕುಡಿ’ ಎಂದು ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಬೆಣ್ಣೆ ಪೂರ್ತಿ ತೆಗೆದದ್ದು, ಅರ್ಧ ತೆಗೆದದ್ದು, ತೆಗೆಯದೆ ಬಿಟ್ಟದ್ದು ಎಂದು ಮಜ್ಜಿಗೆಯಲ್ಲಿ ಮೂರು ಬಗೆ ಮಾಡಿ, ರೋಗಿಯ ಜಠರಾಗ್ನಿಯ ಬಲ ನೋಡಿ ಕೊಡಬೇಕು ಎನ್ನುತ್ತಾನೆ. ಏಳು ದಿನವೋ, ಹತ್ತು ದಿನವೋ, ಪಕ್ಷವೋ, ತಿಂಗಳೋ ಕೊಡಬೇಕು. ನಿಲ್ಲಿಸುವಾಗ ಹಂತಹಂತವಾಗಿ ಇಳಿಸಬೇಕು, ಒಮ್ಮೆಲೇ ಬಿಡಿಸಬಾರದು. ಪಂಚಕರ್ಮದ ಶೋಧನೆಯ ನಂತರದ ಊಟಕ್ಕೂ ಇಂಥದೇ ಕ್ರಮವಿದೆ: ಮೊದಲು ತೆಳ್ಳನೆಯ ಪೇಯ, ಆಮೇಲೆ ಅಗುಳು ಹೆಚ್ಚಿರುವ ವಿಲೇಪಿ, ಅನಂತರ ಒಗ್ಗರಣೆಯಿಲ್ಲದ ಕಟ್ಟು, ಒಗ್ಗರಣೆ ಕಂಡ ಕಟ್ಟು, ಕೊನೆಗೆ ಮಾಂಸರಸ. ದೊಡ್ಡ ಶೋಧನೆಯಾದವರಿಗೆ ಹನ್ನೆರಡು ಊಟಗಳ ಕಾಲ ಇದೇ ಮೆಟ್ಟಿಲು. ಕಿಡಿಯಷ್ಟಿರುವ ಬೆಂಕಿಗೆ ಹುಲ್ಲು, ಬೆರಣಿ ಇಟ್ಟು ಮೆಲ್ಲಗೆ ದೊಡ್ಡದು ಮಾಡುವಂತೆ ಎಂಬುದು ಅಲ್ಲಿಯ ಹೋಲಿಕೆ. ಹನ್ನೆರಡು ಊಟವನ್ನೂ ಬೇರೆ ಬೇರೆ ಹದದಲ್ಲಿ ಬೇಯಿಸಿ, ಉಂಡ ಮೇಲೆ ಹೇಗಾಯಿತು ಎಂದು ಕೇಳಿ, ಮುಂದಿನ ಹೊತ್ತಿನ ಹದ ನಿರ್ಧರಿಸುವುದು ಎಲ್ಲಿ ಸಾಧ್ಯ? ಒಲೆಗೂ ರೋಗಿಗೂ ನಾಲ್ಕು ಹೆಜ್ಜೆಯ ಅಂತರವಿದ್ದಲ್ಲಿ ಮಾತ್ರ.

ಕನ್ನಡ ನಾಡಿನಲ್ಲಿ ಈ ತಿಳಿವಳಿಕೆ ವೈದ್ಯರ ಕೈಯಲ್ಲಷ್ಟೇ ಉಳಿಯಲಿಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ವೈದ್ಯ, ವೃಕ್ಷಾಯುರ್ವೇದ ಎಲ್ಲ ಒಂದೇ ಹೊತ್ತಗೆಯ ಅಧ್ಯಾಯಗಳು. ಗೃಹಸ್ಥನಿಗೆ ಬೇಕಾದ ತಿಳಿವಿನಲ್ಲಿ ಮದ್ದೂ ಸಾರೂ ಅಕ್ಕಪಕ್ಕ ಕೂತಿದ್ದವು. ಪುಸ್ತಕ ಕಾಣದ ಮನೆಗಳಲ್ಲಿ ಆ ತಿಳಿವು ಅಡುಗೆಯಾಗಿಯೇ ಉಳಿಯಿತು. ಮಲೆನಾಡು ಮತ್ತು ಕರಾವಳಿಯ ತಂಬುಳಿಯನ್ನೇ ನೋಡಿ: ಹಿತ್ತಲಿನ ದಾಳಿಂಬೆ ಕುಡಿಯನ್ನೋ, ಪೇರಲೆಯ ಚಿಗುರನ್ನೋ, ಒಂದೆಲಗವನ್ನೋ ಜೀರಿಗೆ, ಕಾಳುಮೆಣಸಿನ ಜೊತೆ ತುಸು ಬಾಡಿಸಿ, ತೆಂಗಿನಕಾಯಿ ಹಾಕಿ ಅರೆದು, ಮಜ್ಜಿಗೆಯಲ್ಲಿ ಕದಡಿದರೆ ಆಯಿತು. ಹೊಟ್ಟೆ ಸಡಿಲಾದವರಿಗೆ ಯಾವ ಕುಡಿ, ಬಾಯಿಹುಣ್ಣಿಗೆ ಯಾವ ಸೊಪ್ಪು ಎಂಬುದು ಅರೆಯುವವರಿಗೆ ಗೊತ್ತಿತ್ತು. ಕರಾವಳಿಯ ಕುಚ್ಚಲಕ್ಕಿ ಗಂಜಿ, ಹಳೇ ಮೈಸೂರಿನ ರಾಗಿ ಅಂಬಲಿ, ಬಯಲುಸೀಮೆಯ ಜೋಳದ ನುಚ್ಚು ಮಜ್ಜಿಗೆ ಇವೆಲ್ಲ ನಿತ್ಯದ ಊಟವೇ ಆಗಿದ್ದು, ಕಾಯಿಲೆ ಬಂದಾಗ ತುಸು ತೆಳ್ಳಗಾಗಿ ಪಥ್ಯವಾಗುತ್ತಿದ್ದವು. ಅಂದಿನ ಕಸುಬುಗಳ ಸ್ವರೂಪವೂ ಇದಕ್ಕೆ ಒದಗಿಬರುತ್ತಿತ್ತು. ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರಿನ ನೇಕಾರನ ಮಗ್ಗ ಮನೆಯ ಪಡಸಾಲೆಯಲ್ಲೇ ಇತ್ತು. ಗುಂಡಿಯಿಂದ ಕಾಲು ಮೇಲೆತ್ತಿದರೆ ಅಡುಗೆಮನೆ. ಅಕ್ಕಸಾಲಿಗ, ಚಮ್ಮಾರ, ಕುಂಬಾರ ಎಲ್ಲರ ಕೆಲಸದ ಜಾಗವೂ ಹೆಚ್ಚುಕಡಿಮೆ ವಾಸದ ಜಾಗವೇ. ಮನೆಯಿಂದಲೇ ಕೆಲಸ ಎಂಬುದು ಅವರಿಗೆ ಹೆಸರಿಡುವಂಥ ವಿಶೇಷವಾಗಿರಲಿಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ನಂಟು ಕಡಿಯತೊಡಗಿತು. 1884ರಲ್ಲಿ ಬೆಂಗಳೂರಿನಲ್ಲಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿ ಶುರುವಾಯಿತು. ಕೋಲಾರದ ಚಿನ್ನದ ಗಣಿ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗಳು ಬೆಳೆದದ್ದೂ ಅದೇ ಕಾಲಕ್ಕೆ. ಹಸಿವಿನ ಬದಲು ಸೈರನ್ ಊಟದ ಹೊತ್ತನ್ನು ಹೇಳತೊಡಗಿತು. ಮುಂಬಯಿಯಲ್ಲಿ 1890ರ ಸುಮಾರಿಗೆ ಡಬ್ಬಾವಾಲಾಗಳ ವ್ಯವಸ್ಥೆ ಹುಟ್ಟಿಕೊಂಡದ್ದು ಈ ಒಡಕನ್ನು ಹೊಲಿಯಲೆಂದೇ. ಮನೆಯ ಒಲೆಯನ್ನು ಕಚೇರಿಗೆ ಒಯ್ಯಲಾಗದಿದ್ದರೆ, ಮನೆಯ ಅನ್ನವನ್ನಾದರೂ ಒಯ್ಯಬೇಕಿತ್ತು. ಅನ್ನವೇನೋ ಹೋಯಿತು, ಉಂಡವನ ಮುಖ ನೋಡಿ ಮುಂದಿನ ಹೊತ್ತಿನ ಹದ ಬದಲಿಸುವ ಕಣ್ಣು ಡಬ್ಬಿಯೊಳಗೆ ಹೋಗಲಿಲ್ಲ. ಸ್ವಾತಂತ್ರ್ಯದ ನಂತರ ಬಂದ 1948ರ ಕಾರ್ಖಾನೆ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಹೊತ್ತು ಎಡೆಬಿಡದೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದಿತು. 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಕ್ಯಾಂಟೀನ್ ನಡೆಸುವಂತೆ ನಿಯಮ ಮಾಡಲು ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು. ಉಪವಾಸ ದುಡಿಯುತ್ತಿದ್ದವರಿಗೆ ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಎಲ್ಲರಿಗೂ ಒಂದೇ ಸಾಂಬಾರು, ಎಲ್ಲರಿಗೂ ಒಂದೇ ಅರ್ಧ ಗಂಟೆ ಎಂಬಲ್ಲಿ ಚರಕನ ಎಂಟನೆಯ ಸಂಗತಿಯಾದ ‘ಉಣ್ಣುವ ವ್ಯಕ್ತಿ’ ಲೆಕ್ಕದಿಂದ ಜಾರಿಹೋದ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಪಥ್ಯವನ್ನು ಇಷ್ಟು ದೊಡ್ಡದು ಮಾಡುವುದೇಕೆ, ವಿಜ್ಞಾನ ಅದನ್ನು ಸುಳ್ಳು ಮಾಡಿಲ್ಲವೇ? ಮಾಡಿದೆ, ಕೆಲವು ಕಡೆ ಚೆನ್ನಾಗಿಯೇ ಮಾಡಿದೆ. 1915ರಲ್ಲಿ ಶಿಕಾಗೊದ ವೈದ್ಯ ಬರ್ಟ್ರಂ ಸಿಪ್ಪಿ ಜಠರದ ಹುಣ್ಣಿಗೆ ಗಂಟೆಗೊಮ್ಮೆ ಹಾಲು, ಕೆನೆ ಕೊಡುವ ಪಥ್ಯ ಹೇಳಿದ. ದಶಕಗಳ ಕಾಲ ಜಗತ್ತು ಅದನ್ನು ನಂಬಿತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇಬ್ಬರೂ ಆ ಹುಣ್ಣಿನ ಮುಖ್ಯ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ತೋರಿಸಿಕೊಟ್ಟರು, 2005ರಲ್ಲಿ ನೊಬೆಲ್ ಪಡೆದರು. ಹಾಲು ಕೆನೆಯಿಂದ ಆಗದ ಕೆಲಸ ಎರಡು ವಾರದ ಮಾತ್ರೆಯಿಂದ ಆಯಿತು. 1924ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಹಾಸ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟ. ಮಕ್ಕಳು ಚೇತರಿಸಿಕೊಂಡರು, ಕೀರ್ತಿ ಬಾಳೆಹಣ್ಣಿಗೆ ಹೋಯಿತು. ನಿಜವಾಗಿ ನಡೆದದ್ದು ತಟ್ಟೆಯಿಂದ ಬ್ರೆಡ್ ಹೊರಟುಹೋದದ್ದು. ಹಾಗಾಗಿ ಹಳೆಯ ಪಟ್ಟಿಗಳನ್ನು ಹಾಗೇ ನಂಬಬೇಕು ಎಂಬುದು ಈ ಬರಹದ ವಾದವಲ್ಲ. ಪಟ್ಟಿಗಳು ತಪ್ಪಬಹುದು, ತಪ್ಪಿವೆ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕಾಯಿಲೆಗಳಲ್ಲಿ ಮದ್ದು ಬಿಟ್ಟು ಗಂಜಿಯನ್ನೇ ನೆಚ್ಚಿದರೆ ಪ್ರಾಣಕ್ಕೇ ಅಪಾಯ. ಆದರೆ ಪಟ್ಟಿ ತಪ್ಪಿದ್ದು ಒಂದು, ಪಟ್ಟಿಯನ್ನು ಪರೀಕ್ಷಿಸುವ ಬಗೆ ಇನ್ನೊಂದು.

ಆ ಬಗೆಯನ್ನು ವಿಜ್ಞಾನ ಬಿಟ್ಟುಕೊಟ್ಟಿಲ್ಲ. ಸೀಲಿಯಾಕ್ ಕಾಯಿಲೆಯನ್ನು 1888ರಲ್ಲಿ ವಿವರಿಸಿದ ಲಂಡನ್ನಿನ ಸ್ಯಾಮ್ಯುಯೆಲ್ ಗೀ, ಇದು ವಾಸಿಯಾಗುವುದಾದರೆ ಆಹಾರದಿಂದಲೇ ಆಗಬೇಕು ಎಂದಿದ್ದ; ಯಾವ ಆಹಾರ ಎಂಬುದು ಅವನಿಗೆ ತಿಳಿದಿರಲಿಲ್ಲ. ಅದನ್ನು ಕಂಡುಕೊಂಡವನು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕ್ಕೆ. 1930ರ ದಶಕದಿಂದಲೇ ಅವನು ಕೆಲವು ಮಕ್ಕಳ ಊಟದಿಂದ ಗೋಧಿಯನ್ನು ತೆಗೆದು ನೋಡುತ್ತಿದ್ದ. 1944-45ರ ಬರಗಾಲದ ಚಳಿಗಾಲದಲ್ಲಿ ಬ್ರೆಡ್ ಸಿಗದೆ ಹೋದಾಗ ಈ ಮಕ್ಕಳ ಸ್ಥಿತಿ ಸುಧಾರಿಸಿತು, ಗೋಧಿ ಮರಳಿದಾಗ ಮತ್ತೆ ಕೆಟ್ಟಿತು. 1950ರಲ್ಲಿ ಅವನ ಪ್ರಬಂಧ ಬಂತು. ಒಂದನ್ನು ಬಿಡು, ಕಾದು ನೋಡು, ಮತ್ತೆ ಕೊಡು, ಮತ್ತೆ ನೋಡು: ಡಿಕ್ಕೆಯ ವಿಧಾನ ಇಷ್ಟೇ. ಕೆರಳುವ ಕರುಳಿನ ತೊಂದರೆಗೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2005ರಿಂದೀಚೆಗೆ ರೂಪಿಸಿದ ಫಾಡ್‌ಮ್ಯಾಪ್ ಪಥ್ಯವೂ ಇದೇ ಜಾಡಿನದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳಂಥ ಕರುಳಿನಲ್ಲಿ ಹುದುಗುವ ಪದಾರ್ಥಗಳನ್ನು ಕೆಲವು ವಾರ ಬಿಡಿಸಿ, ಅನಂತರ ಒಂದೊಂದಾಗಿ ಮರಳಿ ಕೊಟ್ಟು, ಕೊನೆಗೆ ಆ ವ್ಯಕ್ತಿಗೆ ಒಗ್ಗುವ ಊಟವನ್ನು ನಿರ್ಧರಿಸುವುದು. ಮೂರನೇ ಹಂತಕ್ಕೆ ಕನ್ನಡದಲ್ಲಿ ಹೊಸ ಪದ ಹುಡುಕಬೇಕಿಲ್ಲ. ಸಾತ್ಮ್ಯ ಎಂದರೆ ಸಾಕು. ಇದಕ್ಕೂ ಬೇಕಾದದ್ದು ಅದೇ ಹಳೆಯ ಸಲಕರಣೆ: ತನ್ನ ಹಿಡಿತದಲ್ಲಿರುವ ಒಲೆ, ಗಮನಿಸುವಷ್ಟು ಬಿಡುವು. ಹೋಟೆಲಿನ ಸಾಗುವಿನಲ್ಲಿ ಈರುಳ್ಳಿ ಎಷ್ಟಿತ್ತು ಎಂದು ಲೆಕ್ಕ ಹಾಕುವುದು ಯಾರಿಂದಲೂ ಆಗದು.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಆ ಹಳೆಯ ಮನೆಯನ್ನು ಹೊಗಳುವಾಗ ಅಲ್ಲಿ ಅರೆಯುತ್ತ, ಬೇಯಿಸುತ್ತ ಇದ್ದವರು ಯಾರು? ಹೆಂಗಸರು. ಗಂಡನ ಅಜೀರ್ಣಕ್ಕೆ ಬೇರೆ ಸಾರು, ಮಾವನ ಮೂಲವ್ಯಾಧಿಗೆ ಬೇರೆ ಮಜ್ಜಿಗೆ ಮಾಡುತ್ತಿದ್ದವಳ ಹೊಟ್ಟೆಯುರಿಗೆ ಯಾರೂ ಒಲೆ ಹಚ್ಚುತ್ತಿರಲಿಲ್ಲ. ಅವಳ ಪಾಲಿಗೆ ಬಂದದ್ದು ಬಾಣಂತಿ ಪಥ್ಯ ಒಂದೇ. ಮಿಕ್ಕ ದಿನಗಳಲ್ಲಿ ಎಲ್ಲರ ಊಟವಾದ ಮೇಲೆ, ಹೊತ್ತು ಮೀರಿ, ಉಳಿದದ್ದನ್ನು ಉಣ್ಣುವುದು. ಮನೆಯಲ್ಲಿ ಇರುವುದೇ ಪಥ್ಯಕ್ಕೆ ಸಾಕಾಗಿದ್ದರೆ ಅವಳೇ ಎಲ್ಲರಿಗಿಂತ ಆರೋಗ್ಯವಂತೆ ಆಗಬೇಕಿತ್ತು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರ ಉದಾಹರಣೆಯೂ ಇದನ್ನೇ ಹೇಳುತ್ತದೆ. ಕೆಲಸ ಮನೆಯ ಜಗಲಿಯಲ್ಲೇ, ಒಲೆ ಪಕ್ಕದಲ್ಲೇ. ಆದರೆ ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ಊಟಕ್ಕೆ ಎದ್ದ ಪ್ರತಿ ಗಳಿಗೆಯೂ ಕೂಲಿಯಿಂದ ಕಳೆದ ಗಳಿಗೆ. ಸೂರು ಅವಳದು, ಹೊತ್ತು ಬೇರೆಯವರದು. ಈ ಆಕ್ಷೇಪ ನಮ್ಮ ವಾದವನ್ನು ಬೀಳಿಸುವುದಿಲ್ಲ, ತಿದ್ದುತ್ತದೆ. ಪಥ್ಯಕ್ಕೆ ಮನೆ ಬೇಕು ನಿಜ. ಆದರೆ ಆ ಮನೆಯೊಳಗೆ ತನ್ನ ಗಳಿಗೆ ತನ್ನ ಕೈಯಲ್ಲಿ ಇರಬೇಕು. ನೇಕಾರನ ಪಥ್ಯ ನಡೆದದ್ದು ಮಗ್ಗ ಮನೆಯಲ್ಲಿತ್ತು ಎಂಬುದರಿಂದ ಮಾತ್ರವಲ್ಲ, ಲಾಳಿಯನ್ನು ಕೆಳಗಿಡುವ ಹೊತ್ತನ್ನು ಅವನೇ ತೀರ್ಮಾನಿಸುತ್ತಿದ್ದ, ಇನ್ನೊಬ್ಬಳು ಬಡಿಸುತ್ತಿದ್ದಳು ಎಂಬುದರಿಂದಲೂ.

2020ರ ಮಾರ್ಚ್‌ನ ಲಾಕ್‌ಡೌನ್ ಬೆಂಗಳೂರಿನ ಕಚೇರಿಗಳನ್ನು ಮನೆಗಳಿಗೆ ಕಳಿಸಿತು. ನೂರಮೂವತ್ತು ವರ್ಷಗಳ ಹಿಂದೆ ಕಡಿದ ನಂಟು ಹಲವರ ಪಾಲಿಗೆ ಮತ್ತೆ ಕೂಡಿತು. ಹೊಟ್ಟೆಯ ಹಳೆಯ ಕಾಯಿಲೆಯವರಿಗೆ ಇದರಿಂದ ಆದ ಲಾಭ ಸಣ್ಣದಲ್ಲ: ಶೌಚಾಲಯ ಹತ್ತಿರ, ಕ್ಯಾಂಟೀನಿನ ಎಣ್ಣೆ ದೂರ, ಹೊರವರ್ತುಲ ರಸ್ತೆಯಲ್ಲಿ ಬಸ್ಸಿನೊಳಗೆ ಹೊಟ್ಟೆ ಹಿಡಿದು ಕೂರುವ ಸಂಕಟವಿಲ್ಲ. ಆದರೆ ಲ್ಯಾಪ್‌ಟಾಪ್ ಎದುರು ಒಂದು ಕೈಯಲ್ಲಿ ಚಿಪ್ಸ್, ಮೀಟಿಂಗ್ ಮುಗಿಯಲಿ ಎಂದು ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಅಮೆರಿಕದ ಹೊತ್ತಿಗೆ ಹೊಂದಿಕೊಂಡು ರಾತ್ರಿಯೂಟ ಹನ್ನೊಂದಕ್ಕೆ ಎಂದಾದರೆ ಅದು ನೇಕಾರನ ಮನೆಯಲ್ಲ, ಬೀಡಿಯ ಜಗಲಿ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ‘ಬಲ್ಲ’ ಎಂಬ ಮಾತಿಗೆ ಪಟ್ಟಿ ಬಲ್ಲ ಎಂದಷ್ಟೇ ಅರ್ಥವಲ್ಲ, ಹೊತ್ತನ್ನೂ ಹದವನ್ನೂ ಬಲ್ಲ ಎಂದೂ ಅರ್ಥ. ಮನೆಯಿಂದ ಕೆಲಸ ಮಾಡುವ ರೋಗಿ ಮಾಡಬೇಕಾದದ್ದು ಮೂರೇ: ಕಾಯಿಲೆಯ ಹೆಸರನ್ನು ವೈದ್ಯರಿಂದ ಖಚಿತ ಮಾಡಿಕೊಳ್ಳುವುದು, ಉಂಡದ್ದನ್ನೂ ಅದು ಮಾಡಿದ್ದನ್ನೂ ಬರೆದಿಡುವುದು, ಊಟದ ಹೊತ್ತನ್ನು ಮೀಟಿಂಗಿನಷ್ಟೇ ಖಡಾಖಂಡಿತವಾಗಿ ಕಾಯ್ದಿಡುವುದು. ಗಂಜಿಯ ಪಾತ್ರೆಯನ್ನು ಒಲೆಯ ಮೇಲೆ ಇಡುವವರು ಗಂಡಸರಾದರೂ ಅಕ್ಕಿ ಬೇಯುತ್ತದೆ. ಹಳೆಯ ಪಥ್ಯ ಕಲಿಯದೇ ಬಿಟ್ಟ ಪಾಠ ಇದೊಂದೇ.